ಬಿಳಿ ಪಥ್ಯಕ್ಕೊಂದು ಗಡುವು

ಮಗುವಿಗೆ ಭೇದಿ ಹತ್ತಿಕೊಂಡರೆ ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಸುತ್ತಲಿನ ಮನೆಗಳಲ್ಲಿ ಮೊದಲು ನಿಲ್ಲುವುದು ರಾಗಿ. ಅದರ ಹಿಂದೆಯೇ ಬೇಳೆ, ಸೊಪ್ಪು, ತುಪ್ಪ ಒಂದೊಂದಾಗಿ ತಟ್ಟೆ ಬಿಡುತ್ತವೆ. ಕೊನೆಗೆ ಉಳಿಯುವುದು ಅಕ್ಕಿ ಗಂಜಿ, ಸಬ್ಬಕ್ಕಿ ಗಂಜಿ, ಅರಾರೂಟ್, ಮಜ್ಜಿಗೆ. ಎಲ್ಲವೂ ಬಿಳಿ. ಬಿಳಿ ಪಥ್ಯ ಎಂದೇ ಕರೆಯೋಣ. ಅಜ್ಜಿಯೂ ಇದನ್ನೇ ಹೇಳುತ್ತಾಳೆ, ಔಷಧಿ ಅಂಗಡಿಯವನೂ ಇದನ್ನೇ ಹೇಳುತ್ತಾನೆ, ಎಷ್ಟೋ ಸಲ ಡಾಕ್ಟರೂ "ಲೈಟಾಗಿ ಗಂಜಿ ಕೊಡಿ" ಎಂದು ಕಳಿಸುತ್ತಾರೆ. ಇಷ್ಟು ಜನ ಒಪ್ಪಿರುವುದನ್ನು ಪ್ರಶ್ನಿಸುವವರು ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭೇದಿಯ ಮೊದಲ ದಿನದಿಂದಲೇ ಎದೆಹಾಲು, ಮಾಮೂಲಿ ಊಟ ಎರಡೂ ಮುಂದುವರಿಯಬೇಕು. ಆದರೂ ಎರಡು ಮೂರು ದಿನದ ಮಟ್ಟಿಗೆ ಅಜ್ಜಿಯರ ಜೊತೆ ನನಗೆ ಜಗಳವಿಲ್ಲ. ಉಪ್ಪು ಹಾಕಿದ ತೆಳು ಗಂಜಿ ಕೆಟ್ಟ ಮದ್ದಲ್ಲ. ಅಕ್ಕಿಯಿಂದಲೇ ಮಾಡಿದ ಓಆರ್‌ಎಸ್ ಕಾಲರಾ ರೋಗಿಗಳ ಭೇದಿಯನ್ನು ಚೆನ್ನಾಗಿ ತಗ್ಗಿಸಿದ್ದು ವೈದ್ಯರು ಬಲ್ಲ ಸಂಗತಿ. ತೊಂದರೆ ಬರುವುದು ಭೇದಿ ನಿಲ್ಲದೇ ಹೋದಾಗ. ಹದಿನಾಲ್ಕು ದಿನ ದಾಟಿದ ಭೇದಿಯನ್ನು ವೈದ್ಯರು ಬೇರೆಯೇ ಕಾಯಿಲೆಯಾಗಿ ಎಣಿಸುತ್ತಾರೆ, ಮನೆಯವರು ಹಾಗೆ ಎಣಿಸುವುದಿಲ್ಲ. ಹೊಟ್ಟೆ ಇನ್ನೂ ಸರಿಹೋಗಿಲ್ಲ ಎಂದು ಪಥ್ಯವನ್ನೇ ಇನ್ನಷ್ಟು ಬಿಗಿ ಮಾಡುತ್ತಾರೆ. ಮಗು ಸೊರಗಿದಷ್ಟೂ ಗಂಜಿ ತೆಳುವಾಗುತ್ತದೆ.

ಈ ಬಿಗಿಯಲ್ಲಿ ಸದ್ದಿಲ್ಲದೆ ಕಳೆದುಹೋಗುವ ಖನಿಜ ಮೆಗ್ನೀಷಿಯಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿಲಿಗ್ರಾಂ ಮೆಗ್ನೀಷಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 19ರ ಆಸುಪಾಸು. ಸಬ್ಬಕ್ಕಿ, ಅರಾರೂಟ್ ಹೆಚ್ಚುಕಡಿಮೆ ಬರೀ ಪಿಷ್ಟ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 90 ಮಿಲಿಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದೆ. 30 ಗ್ರಾಂ ರಾಗಿಯಿಂದ ಅದರ ಅರ್ಧದಷ್ಟು ಬರುತ್ತದೆ. ಅಷ್ಟೇ ಅಕ್ಕಿಯ ಗಂಜಿಯಲ್ಲಿ ಆರು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಅಯ್ಯನಕೆರೆಯ ನೀರು ಹರಿಯುವ ಕಡೆ ಗದ್ದೆ, ಅಡಿಕೆ, ತೆಂಗು. ಕಡೂರಿನ ಕಡೆ ತಿರುಗಿದರೆ ರಾಗಿ ಹೊಲ. ಕಣಜದಲ್ಲಿ ರಾಗಿ ಇಟ್ಟುಕೊಂಡೇ ಅಂಗಡಿಯಿಂದ ಸಬ್ಬಕ್ಕಿ ತರುವ ಊರು ಇದು. ತೋಟದ ಎಳನೀರನ್ನೂ ನಂಬಿ ಕೂರುವಂತಿಲ್ಲ: ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಮೆಗ್ನೀಷಿಯಂ ಸ್ವಲ್ಪ, ಭೇದಿಯ ಮಗುವಿಗೆ ಬೇಕಾದಷ್ಟು ಸೋಡಿಯಂ ಮಾತ್ರ ಇಲ್ಲ. ಕುಡಿಯುವ ನೀರಿನ ಕತೆಯೂ ಅಷ್ಟೆ: ಕೊಳವೆಬಾವಿ ನೀರಿನ ಗಡಸುತನವೆಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಮ್ಮೇ. ಶುದ್ಧ ನೀರಿನ ಘಟಕದ ಕ್ಯಾನಿನಲ್ಲಿ ಅವೆರಡೂ ಬಹುಪಾಲು ಸೋಸಿಹೋಗಿರುತ್ತವೆ. ಫ್ಲೋರೈಡ್ ಇರುವ ಕಡೆ ಆ ಘಟಕ ಬೇಕೇ ಬೇಕು, ಅದನ್ನು ದೂರಲಾರೆ.

ತಟ್ಟೆಯಲ್ಲಿ ಇಲ್ಲದ್ದು ಒಂದು ಕಡೆಯಾದರೆ, ಕರುಳಿನಿಂದ ಹೋಗುವುದು ಇನ್ನೊಂದು ಕಡೆ. ಮೆಗ್ನೀಷಿಯಂ ಹೆಚ್ಚಾಗಿ ಹೀರಿಕೆಯಾಗುವುದು ಸಣ್ಣ ಕರುಳಿನಲ್ಲಿ. ಅದರ ಒಳಪದರ ಸವೆದಿದ್ದರೆ ಹೀರಿಕೆ ಕುಗ್ಗುತ್ತದೆ; ಕೊಬ್ಬು ಅರಗದೆ ಉಳಿದರೆ ಮೆಗ್ನೀಷಿಯಂ ಅದರೊಡನೆ ಸೇರಿ ಸಾಬೂನಾಗಿ ಮಲದಲ್ಲಿ ಹೋಗುತ್ತದೆ. ಕ್ರೋನ್ಸ್ ಕಾಯಿಲೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಕರುಳು ಮೊಟಕಾದ ಮಕ್ಕಳಲ್ಲಿ, ಗೋಧಿ ಒಗ್ಗದ ಸೀಲಿಯಾಕ್‌ನಲ್ಲಿ ಆಗುವುದೂ ಇದೇ. ಸೀಲಿಯಾಕ್ ನಮ್ಮ ಕಡೆ ಪಂಜಾಬ್, ಹರಿಯಾಣದಷ್ಟಿಲ್ಲ.

ಕೊರತೆ ಕಣ್ಣಿಗೆ ಬೀಳುವುದು ಬಹಳ ತಡವಾಗಿ. ದೇಹದ ಮೆಗ್ನೀಷಿಯಂನಲ್ಲಿ ಅರ್ಧಕ್ಕೂ ಹೆಚ್ಚು ಮೂಳೆಯಲ್ಲಿ, ಉಳಿದದ್ದು ಸ್ನಾಯು ಮತ್ತಿತರ ಜೀವಕೋಶಗಳಲ್ಲಿ; ರಕ್ತದ ದ್ರವದಲ್ಲಿರುವುದು ನೂರಕ್ಕೆ ಒಂದು ಪಾಲೂ ಅಲ್ಲ. ಆದ್ದರಿಂದ ಲ್ಯಾಬ್ ಚೀಟಿಯಲ್ಲಿ ನಾರ್ಮಲ್ ಎಂದಿದ್ದರೂ ಒಳಗೆ ಬರಿದಾಗಿರಬಹುದು. ಮಗು ಸುಸ್ತಾಗಿ ಊಟ ಬೇಡವೆನ್ನುತ್ತದೆ, ಕೈ ನಡುಗುತ್ತದೆ, ಬೆರಳು ಸೆಟೆಯುತ್ತವೆ, ಒಂದು ದಿನ ಫಿಟ್ಸ್ ಬರುತ್ತದೆ. ಪರೀಕ್ಷಿಸಿದರೆ ಕ್ಯಾಲ್ಸಿಯಂ ಕಡಿಮೆ. ಕ್ಯಾಲ್ಸಿಯಂ ಏರಿಸುತ್ತಾರೆ, ಅದು ಮತ್ತೆ ಇಳಿಯುತ್ತದೆ. ಏಕೆಂದರೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನು ಹೊರಬರಲು ಮೆಗ್ನೀಷಿಯಂ ಬೇಕು. ಪೊಟ್ಯಾಸಿಯಂ ಕತೆಯೂ ಹೀಗೆಯೇ: ಮೆಗ್ನೀಷಿಯಂ ಇಲ್ಲದಾಗ ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳಲಾರದು, ಎಷ್ಟು ಕುಡಿಸಿದರೂ ಮೂತ್ರದಲ್ಲಿ ಸೋರುತ್ತದೆ. ಮೂಲ ಬಿಟ್ಟು ಎರಡು ನೆರಳುಗಳಿಗೆ ಮದ್ದು ಹಾಕಿದ ಹಾಗೆ.

ಅಜ್ಜಿಯ ಪಥ್ಯವನ್ನು ಇಷ್ಟು ಜರಿದ ಮೇಲೆ ಆಸ್ಪತ್ರೆಯ ಪದ್ಧತಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. 2002ರಿಂದ ಜಾರಿಯಲ್ಲಿರುವ ಓಆರ್‌ಎಸ್ ಸೂತ್ರದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 20 ಪೊಟ್ಯಾಸಿಯಂ, ಮೆಗ್ನೀಷಿಯಂ ಇಲ್ಲ. ನಾಲ್ಕು ದಿನದ ಭೇದಿಗೆ ಅದು ಬೇಕಾಗಿಯೂ ಇಲ್ಲ, ಪೊಟ್ಟಣದಲ್ಲಿ ತಪ್ಪು ಹುಡುಕುವಂತಿಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆಂದೇ ಮಾಡಿದ ರೆಸೊಮಾಲ್ ದ್ರಾವಣದಲ್ಲಿ ಮೆಗ್ನೀಷಿಯಂ ಸೇರಿದೆ. ಹದಿನಾಲ್ಕು ದಿನ ದಾಟಿದ ಭೇದಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಝಿಂಕ್, ವಿಟಮಿನ್ ಎ, ತಾಮ್ರಗಳ ಜೊತೆಗೆ ಮೆಗ್ನೀಷಿಯಂ ಅನ್ನೂ ಹೆಸರಿಸಿ, ಒಂದು ವರ್ಷದ ಮಗುವಿಗೆ 80 ಮಿಲಿಗ್ರಾಂ ಎಂದಿರುವ ದಿನದ ಅಳತೆಯ ಕನಿಷ್ಠ ಎರಡು ಪಟ್ಟನ್ನು ಎರಡು ವಾರ ಕೊಡಿ ಎನ್ನುತ್ತದೆ. ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ. ಈ ನಾಲ್ಕು ಹೆಸರುಗಳಲ್ಲಿ ಭೇದಿಯ ಮದ್ದಾಗಿ ಊರಿನವರೆಗೆ ನಡೆದು ಬಂದದ್ದು ಝಿಂಕ್ ಒಂದೇ, ಅದೂ ಆಶಾ ಕಾರ್ಯಕರ್ತೆಯರ ಚೀಲದಲ್ಲಿ. ಬರೆದುಕೊಡುವ ಟಾನಿಕ್ ಬಾಟಲಿಗಳ ಹಿಂಬದಿ ಓದಿದರೆ ಮೆಗ್ನೀಷಿಯಂ ಎಲ್ಲದರಲ್ಲೂ ಇರುವುದಿಲ್ಲ.

ಕೇಂದ್ರ ಆರೋಗ್ಯ ಇಲಾಖೆ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಗಳಿಗಾಗಿ 2011ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಕಾಗದ. ಮೊದಲ ದಿನ ಕೆ.ಜಿ.ಗೆ 0.3 ಮಿ.ಲೀ.ನಂತೆ, ಎರಡು ಮಿ.ಲೀ. ಮೀರದಂತೆ, ಶೇ. 50ರ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್. ಮುಂದಿನ ದಿನಗಳಲ್ಲಿ ಅದೇ ಇಂಜೆಕ್ಷನ್ ಮದ್ದನ್ನು ಅಳೆದು ಹಾಲಿನ ಆಹಾರಕ್ಕೆ ಬೆರೆಸಿ ಬಾಯಿಂದ ಕೊಡಬಹುದು. ಸಿರಪ್ ಬಂದಿಲ್ಲ ಎಂದು ಕೈಕಟ್ಟಿ ಕೂರದ ಬುದ್ಧಿವಂತಿಕೆ ಇದು. ಆದರೆ ಆ ಬಾಗಿಲು ತೆರೆಯಲು ಮಗು ಒಂದು ಹಂತದವರೆಗೆ ಒಣಗಿರಬೇಕು: ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ, ಇಲ್ಲವೇ ಅದಕ್ಕೆ ಸಮನಾದ ಬೇರೆ ಗುರುತು. ಮೂರು ವಾರ ಭೇದಿಯಾಗಿ ತೋಳು 12 ಸೆಂ.ಮೀ. ಇರುವ ಮಗು ಅತ್ತ ಕೇಂದ್ರಕ್ಕೂ ಸಲ್ಲುವುದಿಲ್ಲ, ಇತ್ತ ಓಆರ್‌ಎಸ್ ಪೊಟ್ಟಣಕ್ಕೂ ನಿಲುಕುವುದಿಲ್ಲ. ಸಖರಾಯಪಟ್ಟಣ ಇರುವುದೂ ಕಡೂರಿನ ತಾಲ್ಲೂಕು ಆಸ್ಪತ್ರೆಗೂ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೂ ನಡುದಾರಿಯಲ್ಲಿ.

ಈ ನಡುವಿನ ಮಗುವಿಗೆ ಬೇಕಾದದ್ದು ಬಹುಮಟ್ಟಿಗೆ ಅಡುಗೆಮನೆಯಲ್ಲೇ ಇತ್ತು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ರಾಗಿ ಸರಿ. ಖನಿಜಗಳನ್ನು ಹಿಡಿದಿಡುವ ಫೈಟೇಟ್ ಮೊಳಕೆಯಲ್ಲಿ ತಗ್ಗುತ್ತದೆ. ಮೊಳಕೆಯ ಅಮೈಲೇಸ್ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಶಿಕಾಚಾರ್ ಮೊಳಕೆ ರಾಗಿಯ ಮಕ್ಕಳ ಆಹಾರ ರೂಪಿಸಿದ್ದು ಈ ಗುಣ ಹಿಡಿದೇ. ಬಟ್ಟೆಯಲ್ಲಿ ಸೋಸುವಾಗ ಹೊಟ್ಟಿನ ಜೊತೆ ಖನಿಜವೂ ಸ್ವಲ್ಪ ಹೋಗುತ್ತದೆ, ನಿಜ. ಕೆಟ್ಟ ಕರುಳಿಗೆ ಆ ಹೊಟ್ಟು ಒರಟು, ಹಾಗಾಗಿ ಅದು ಒಪ್ಪಬಹುದಾದ ನಷ್ಟ. ಭೇದಿಗೆ ಹೆದರಿ ಗಟ್ಟಿ ಮುದ್ದೆ ಬಿಡಿಸಿದ್ದು ಸರಿ, ಸರಿಯನ್ನೂ ಬಿಡಿಸಿದ್ದು ತಪ್ಪು. ರಾಗಿ ತಿಂದ ಮಗುವಿನ ಮಲ ಕಪ್ಪಗಾದರೆ ಗಾಬರಿಯಾಗುವುದು ಸಹಜ. ಅದು ಕಾಳಿನ ಬಣ್ಣ.

ಇಷ್ಟು ಓದಿ ಯಾರಾದರೂ ಅಂಗಡಿಗೆ ಹೋಗಿ ಮೆಗ್ನೀಷಿಯಂ ಸಿರಪ್ ತಂದಾರೆಂಬ ಭಯವೂ ನನಗಿದೆ. ದೊಡ್ಡವರ ನಿದ್ದೆಗೆ, ಮಂಡಿನೋವಿಗೆ ಎಂದು ಅದರ ಮಾರಾಟ ಈಗ ಜೋರು. ಮಿಲ್ಕ್ ಆಫ್ ಮೆಗ್ನೀಷಿಯಾ ಮಲಬದ್ಧತೆಯ ಔಷಧಿ ಎಂಬುದನ್ನು ಮರೆಯಬಾರದು: ಅಳತೆ ತಪ್ಪಿದ ಮೆಗ್ನೀಷಿಯಂ ಭೇದಿಯನ್ನೇ ಹೆಚ್ಚಿಸುತ್ತದೆ, ಮೂತ್ರಪಿಂಡ ಸೋತ ಮಗುವಿಗೆ ಅಪಾಯವೂ ಹೌದು. ಹೊಟ್ಟೆ ಉರಿಗೆಂದು ತಿಂಗಳುಗಟ್ಟಲೆ ಕೊಡುವ ಒಮೆಪ್ರಜೋಲ್ ಜಾತಿಯ ಔಷಧಿಗಳು ಮೆಗ್ನೀಷಿಯಂ ಇಳಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದಾರೆ. ಹೊಸ ಬಾಟಲಿ ತರುವ ಮೊದಲು ಹಳೆಯದನ್ನು ಡಾಕ್ಟರಿಗೆ ತೋರಿಸುವುದು ಮೇಲು.

ಪಥ್ಯಕ್ಕೆ ಗಡುವು ಹಾಕುವ ಸಾಧನ ಮಾತ್ರ ಈಗಾಗಲೇ ಮನೆಗೆ ಬರುತ್ತಿದೆ. ಆಶಾ ಕಾರ್ಯಕರ್ತೆ ಕೊಡುವ ಝಿಂಕ್ ಮಾತ್ರೆ ಹದಿನಾಲ್ಕು ದಿನದ್ದು. ಮೊದಲ ಮಾತ್ರೆ ಕೊಡುವಾಗಲೇ ಎರಡು ಮಾತು ಸೇರಿಸಿದರೆ ಸಾಕು: ಮೂರನೆಯ ಮಾತ್ರೆಯ ಹೊತ್ತಿಗೆ ರಾಗಿ ಸರಿ ತಟ್ಟೆಗೆ ಮರಳಬೇಕು, ಕೊನೆಯ ಮಾತ್ರೆಯ ದಿನವೂ ಭೇದಿ ನಿಲ್ಲದಿದ್ದರೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ದು, ಕ್ಯಾಲ್ಸಿಯಂ ಜೊತೆ ಮೆಗ್ನೀಷಿಯಮ್ಮನ್ನೂ ನೋಡಿ ಎಂದು ಕೇಳಬೇಕು.