ಕೆಡಿಸಲು ಬಿಡದ ಸಾಮಾನು

ಮನೆಯ ಮಿಕ್ಸಿ ಕೆಟ್ಟು ಮೂಲೆ ಸೇರಿದೆಯೆನ್ನಿ. ಮಗ ಸ್ಕ್ರೂಡ್ರೈವರ್ ಹಿಡಿದು ಅದರ ತಳ ಬಿಚ್ಚಿಕೊಂಡು ಕೂತರೆ ‘ನಮ್ಮವನು ಮುಂದೆ ಇಂಜಿನಿಯರ್ ಆಗ್ತಾನೆ’ ಎಂದು ಬಂದವರ ಮುಂದೆ ಹೇಳಿಕೊಳ್ಳುತ್ತೇವೆ. ಅದೇ ಕೆಲಸವನ್ನು ಮಗಳು ಮಾಡಿದರೆ ‘ನಿನ್ನ ಕೈ ಸುಮ್ಮನಿರೋದಿಲ್ವೇನೇ?’ ಎನ್ನುತ್ತೇವೆ. ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬನಿಗೆ ಅದು ಬುದ್ಧಿವಂತಿಕೆ, ಇನ್ನೊಬ್ಬಳಿಗೆ ತರಲೆ.

ಶಾಲೆಗಳಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನ ಕಲಿಸಬೇಕು, ಅದಕ್ಕೆ ಕೈಗಾರಿಕೆಗಳು ನೆರವಾಗಬೇಕು ಎಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತಿದೆ. ಕೇಳಲು ಚೆಂದದ ಮಾತೇ. ಆದರೆ ಆ ಮಾತಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವಾಗ ನನಗೆ ಈ ಮಿಕ್ಸಿಯೇ ಅಳತೆಗೋಲು. ಬಿಚ್ಚಲು ಯಾರಿಗೆ ಅನುಮತಿಯಿದೆ? ಕೆಟ್ಟರೆ ಬೈಗುಳ ಯಾರಿಗೆ?

ಕೈಕೆಲಸವನ್ನು ಶಾಲೆಗೆ ತರುವ ಆಸೆ ನಮ್ಮಲ್ಲಿ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ ಒಂದು ಕಸುಬನ್ನು ನಡುವೆ ಇಟ್ಟುಕೊಂಡೇ ಎಲ್ಲ ಪಾಠ ಕಲಿಸಬೇಕೆಂಬ ವಿಚಾರವನ್ನು ಮುಂದಿಟ್ಟರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದನೆಯ ಹೆಸರಿನ ವಿಷಯವನ್ನು ಸೂಚಿಸಿತು. ಎಷ್ಟೋ ಶಾಲೆಗಳಲ್ಲಿ ಅದು ಅಂಗಳದ ಹುಲ್ಲು ಕೀಳುವುದಕ್ಕೆ, ಹುಡುಗಿಯರಾದರೆ ಕರವಸ್ತ್ರಕ್ಕೆ ಹೂ ಹಾಕುವುದಕ್ಕೆ ಬಂದು ನಿಂತಿತು. ಹೊಲಿಗೆ ಸಣ್ಣ ವಿದ್ಯೆಯೆಂದು ನಾನು ಹೇಳುತ್ತಿಲ್ಲ. ಚಪ್ಪಟೆಯಾದ ಬಟ್ಟೆಯನ್ನು ಕತ್ತರಿಸಿ ಉಬ್ಬುತಗ್ಗಿನ ಮೈಗೆ ಕೂರಿಸುವ ರವಿಕೆ ಅಪ್ಪಟ ಜ್ಯಾಮಿತಿ. ಹೊಲಿಯುವವಳಿಗೆ ಅದು ಜ್ಯಾಮಿತಿಯೆಂದು ಯಾರೂ ಹೇಳಲಿಲ್ಲ, ಅಷ್ಟೆ. ಇಂಗ್ಲೆಂಡಿನಲ್ಲಿ 1990ರಲ್ಲಿ ‘ವಿನ್ಯಾಸ ಮತ್ತು ತಂತ್ರಜ್ಞಾನ’ವನ್ನು ರಾಷ್ಟ್ರೀಯ ಪಠ್ಯಕ್ರಮದಲ್ಲಿ ಸೇರಿಸಿದಾಗ ಹುಡುಗ ಹುಡುಗಿಯರಿಬ್ಬರೂ ಅದನ್ನು ಕಲಿಯಬೇಕೆಂದಾಯಿತು. ಮರಗೆಲಸ ಅವನಿಗೆ, ಅಡುಗೆ ಹೊಲಿಗೆ ಇವಳಿಗೆ ಎಂಬ ಗೋಡೆ ಪಠ್ಯಕ್ರಮದ ಮಟ್ಟಿಗಾದರೂ ಬಿತ್ತು.

ನಮ್ಮಲ್ಲಿ ಕೈಗಾರಿಕೆಯ ಹಣ ಶಾಲೆಗಳತ್ತ ಹೆಚ್ಚಾಗಿ ಹರಿಯತೊಡಗಿದ್ದು 2013ರ ಕಂಪನಿ ಕಾಯ್ದೆಯ ನಂತರ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. 2016ರಲ್ಲಿ ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ ಶುರುವಾಯಿತು. ಅದರ ‘ಅಟಲ್ ಟಿಂಕರಿಂಗ್ ಲ್ಯಾಬ್’ 6ರಿಂದ 12ನೇ ತರಗತಿಯ ಮಕ್ಕಳಿಗೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ. ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಲು, 10 ಲಕ್ಷ ಐದು ವರ್ಷ ನಡೆಸಲು. ತ್ರೀಡಿ ಪ್ರಿಂಟರ್, ಸೆನ್ಸರ್‌ಗಳು, ರೋಬೋಟ್ ಜೋಡಿಸುವ ಕಿಟ್ಟುಗಳು, ಬೆಸುಗೆ ಹಾಕುವ ಸಾಮಾನು ಎಲ್ಲ ಬರುತ್ತವೆ. ಇಂಥ ಲ್ಯಾಬುಗಳನ್ನು ದತ್ತು ತೆಗೆದುಕೊಳ್ಳಲು, ಮಾರ್ಗದರ್ಶಕರನ್ನು ಕಳಿಸಲು ಕಂಪನಿಗಳೂ ಮುಂದೆ ಬಂದವು. ಹೀಗೆ 10,000 ಲ್ಯಾಬುಗಳಾದವು. 2025ರ ಕೇಂದ್ರ ಬಜೆಟ್ಟಿನಲ್ಲಿ, ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಎಂದು ಪ್ರಕಟವಾಯಿತು.

ಇದನ್ನು ಹಗುರವಾಗಿ ತೆಗೆದುಹಾಕುವ ಹಾಗಿಲ್ಲ. ಸರ್ಕಾರಿ ಶಾಲೆಯ ಹುಡುಗಿಯೊಬ್ಬಳು ತಾನೇ ವೈರು ಜೋಡಿಸಿ ದೀಪ ಹೊತ್ತಿಸಿದಾಗ ಅವಳ ಮುಖದಲ್ಲಿ ಮೂಡುವ ಬೆಳಕಿಗೆ ಬೆಲೆ ಕಟ್ಟಲಾಗದು. ಆದರೂ ಮೂರು ವಿಷಯಗಳಲ್ಲಿ ನನ್ನ ತಕರಾರಿದೆ.

ಮೊದಲನೆಯದು ದಾಸ್ತಾನು ಪುಸ್ತಕದ ತಕರಾರು. ಶಾಲೆಗೆ ಬಂದ ಪ್ರತಿ ಸಾಮಾನೂ ಆ ಪುಸ್ತಕದಲ್ಲಿ ಏರುತ್ತದೆ. ಆಡಿಟ್ ಬಂದಾಗ ಅಲ್ಲಿರುವುದು ಇಲ್ಲಿರಬೇಕು. ಇಲ್ಲದಿದ್ದರೆ ಮುಖ್ಯೋಪಾಧ್ಯಾಯರು ಉತ್ತರ ಕೊಡಬೇಕು. ಹೀಗಿರುವಾಗ ಸಾವಿರಾರು ರೂಪಾಯಿಯ ಸಾಮಾನನ್ನು ಮಕ್ಕಳ ಕೈಗೆ ಕೊಟ್ಟು ‘ಕೆಟ್ಟರೆ ಕೆಡಲಿ’ ಎನ್ನುವ ಧೈರ್ಯ ಯಾರಿಗೆ ಬಂದೀತು? ಬೀರುವಿಗೆ ಬೀಗ ಬೀಳುತ್ತದೆ, ಬೀಗದ ಕೈ ಜೇಬು ಸೇರುತ್ತದೆ. ಅತಿಥಿಗಳು ಬಂದ ದಿನ ಬೀರು ತೆರೆಯುತ್ತದೆ. ಆಯ್ದ ನಾಲ್ಕು ಮಕ್ಕಳು ಕಲಿತಿಟ್ಟ ರೋಬೋಟನ್ನು ಓಡಿಸಿ ತೋರಿಸುತ್ತಾರೆ. ಇದು ಮೇಷ್ಟ್ರ ತಪ್ಪಲ್ಲ. ದಾನ ಕೊಟ್ಟವರೂ ಲೆಕ್ಕ ಕೇಳುವವರೂ ಸಾಮಾನು ಹೊಸದಾಗಿಯೇ ಉಳಿಯಲಿ ಎಂದು ಬಯಸಿದರೆ ಅವರಾದರೂ ಏನು ಮಾಡಿಯಾರು? ವಿನ್ಯಾಸದ ಪಾಠ ಇರುವುದೇ ಕೆಡುವುದರಲ್ಲಿ. ಯಾಕೆ ಮುರಿಯಿತು, ಎಲ್ಲಿ ಸೀಳಿತು ಎಂದು ನೋಡಿದ ಕೈ ಎರಡನೆಯ ಸಲ ಬೇರೆ ರೀತಿ ಮಾಡುತ್ತದೆ. ಕೆಡಿಸಲು ಬಿಡದ ಸಾಮಾನಿನಿಂದ ಕಲಿಯಲಿಕ್ಕಾಗದು.

ಎರಡನೆಯದು, ಪೆಟ್ಟಿಗೆಯ ಜೊತೆಗೇ ಉತ್ತರವೂ ಬರುತ್ತದೆ. ಕಿಟ್ಟಿನೊಳಗೆ ಒಂದು ಪುಸ್ತಕವಿರುತ್ತದೆ. ಕೆಂಪು ತಂತಿ ಇಲ್ಲಿ, ಕಪ್ಪು ತಂತಿ ಅಲ್ಲಿ. ಜೋಡಿಸಿದರೆ ತಾನಾಗಿ ನೀರು ಬಿಡುವ ಹೂಕುಂಡ ಸಿದ್ಧ. ಜೋಡಿಸುವುದೂ ವಿದ್ಯೆಯೇ, ಆದರೆ ಅದು ವಿನ್ಯಾಸವಲ್ಲ. ಒಂದು ತೊಂದರೆಯನ್ನು ತಾನೇ ಗುರುತಿಸಿ, ಅದಕ್ಕೆ ಹೊಂದುವ ವಸ್ತುವನ್ನು ಮನಸ್ಸಿನಲ್ಲಿ ಕಟ್ಟಿ, ಕಾಗದದ ಮೇಲೆ ಗೀಚಿ, ಕೈಯಲ್ಲಿ ಮಾಡಿ, ಬಳಸುವವರಿಗೆ ಕೊಟ್ಟು, ಅವರು ‘ಸರಿಯಿಲ್ಲ’ ಎಂದರೆ ಮತ್ತೆ ಮಾಡುವುದು ವಿನ್ಯಾಸ. ಇದರ ಮೊದಲ ಹೆಜ್ಜೆಯನ್ನೇ ಬೇರೆ ಯಾರೋ ಇಟ್ಟುಬಿಟ್ಟರೆ ಮಕ್ಕಳಿಗೆ ಉಳಿಯುವುದು ಸ್ಕ್ರೂ ತಿರುಗಿಸುವ ಕೆಲಸ ಮಾತ್ರ.

ಮೂರನೆಯದು ಜಾಗದ್ದು. ಕಂಪನಿಗಳು ತಾವು ಕೆಲಸ ನಡೆಸುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಕಾರ್ಖಾನೆಯ ನೆರೆಹೊರೆಯವರಿಗೆ ಅದು ನ್ಯಾಯವೇ. ಕಾರ್ಖಾನೆಯಿಲ್ಲದ ಊರಿನ ಮಕ್ಕಳ ಗತಿಯೇನು? ಟಿಂಕರಿಂಗ್ ಲ್ಯಾಬಿಗೂ ಮೊದಲ ಸುತ್ತುಗಳಲ್ಲಿ 1500 ಚದರ ಅಡಿ ಜಾಗ ಕೇಳಿದ್ದರು. ಕೆಲವೇ ಮಕ್ಕಳಿರುವ ಗುಡ್ಡಗಾಡಿನ ಶಾಲೆ ಇಂಥ ಅಳತೆಗೆ ಎಲ್ಲಿ ನಿಲುಕುತ್ತದೆ?

ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳವನ್ನೇ ತೆಗೆದುಕೊಳ್ಳಿ. ಘಟ್ಟದ ಅಂಚಿನ ಊರು. ಕಾಫಿ, ಏಲಕ್ಕಿ, ಮೆಣಸು, ಗದ್ದೆ, ಜೊತೆಗೆ ಬಿಡದೆ ಸುರಿಯುವ ಮಳೆ. ದೊಡ್ಡ ಕಾರ್ಖಾನೆಯಿಲ್ಲ. ಹಾಗೆಂದು ತಂತ್ರಜ್ಞಾನವೂ ಇಲ್ಲವೇ?

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನೋಡಿ. ತಿರುಗುವ ಉರುಳೆಗೂ ಎದುರಿನ ತಡೆಗೂ ನಡುವೆ ಇಷ್ಟೇ ಇಷ್ಟು ಸಂದು. ಸಂದು ಕಿರಿದಾದರೆ ಬೀಜ ಗಾಯವಾಗುತ್ತದೆ, ಅಗಲವಾದರೆ ಹಣ್ಣು ಸಿಪ್ಪೆಯ ಸಮೇತ ನುಸುಳುತ್ತದೆ. ಹಣ್ಣಿನ ಗಾತ್ರ ನೋಡಿ ಆ ಸಂದನ್ನು ಹೊಂದಿಸುವ ಕೆಲಸಗಾರನಿಗೆ ಯಾವ ಸರ್ಟಿಫಿಕೇಟೂ ಇರಲಿಕ್ಕಿಲ್ಲ. ಆದರೆ ಯಂತ್ರಶಾಸ್ತ್ರದ ಒಂದು ಇಡೀ ಪಾಠ ಅವನ ಬೆರಳಲ್ಲಿದೆ. ಪಕ್ಕದ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಬರೆದ ‘ಕರ್ವಾಲೋ’ ಕಾದಂಬರಿಯಲ್ಲಿ ಊರಿನವರು ಲೆಕ್ಕಕ್ಕಿಡದ ಮಂದಣ್ಣನೊಳಗೆ ಹುಟ್ಟು ನಿಸರ್ಗತಜ್ಞನನ್ನು ಕಂಡದ್ದು ಒಬ್ಬ ವಿಜ್ಞಾನಿಯ ಕಣ್ಣು. ನಮ್ಮ ಶಾಲೆಗಳಿಗೆ ಆ ಕಣ್ಣು ಬೇಕು.

ಇನ್ನು ಗೊರಬು. ಪ್ಲಾಸ್ಟಿಕ್ ಹಾಳೆ ಬರುವ ಮೊದಲು ಮಲೆನಾಡಿನ ಹೆಂಗಸರು ಸಸಿ ನೆಡುವಾಗ ತಲೆಯ ಮೇಲಿಂದ ಬೆನ್ನ ಮೇಲೆ ಹೊದ್ದುಕೊಳ್ಳುತ್ತಿದ್ದ, ಬಿದಿರು ಮತ್ತು ಎಲೆಯಿಂದ ಹೆಣೆದ ಮಳೆಯ ರಕ್ಷೆ ಅದು. ಬಗ್ಗಿದ ಬೆನ್ನಿಗೆ ಸರಿಯಾಗಿ ಕೂರುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಕೊಡೆಯಿಂದ ಇದು ಸಾಧ್ಯವೇ? ನಿಂತು ನಡೆಯುವವರಿಗೆ ಕೊಡೆ, ಬಗ್ಗಿ ದುಡಿಯುವವಳಿಗೆ ಗೊರಬು. ‘ಬಳಸುವವರನ್ನು ನೋಡಿ ವಸ್ತು ಮಾಡು’ ಎಂಬ ಪಾಠಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಇಂದಿಗೂ ಕಾಫಿ ಕುಯ್ಯುವ ಹೆಂಗಸು ಸೊಂಟಕ್ಕೆ ಚೀಲ ಕಟ್ಟಿಕೊಂಡೇ ದಿನವೆಲ್ಲ ನಿಲ್ಲುತ್ತಾಳೆ. ಚೀಲ ತುಂಬುತ್ತ ಬಂದ ಹಾಗೆ ಭಾರ ಎಲ್ಲಿ ಎಳೆಯುತ್ತದೆ, ಪಟ್ಟಿ ಎಲ್ಲಿರಬೇಕು ಎಂದು ಅವಳ ಮಗಳು ತರಗತಿಯಲ್ಲಿ ಯೋಚಿಸಲಿ. ಅಮ್ಮನ ಸೊಂಟನೋವು ಶಾಲೆಯ ಪ್ರಶ್ನೆಯಾಗಲಿ.

ಹಳ್ಳದ ನೀರಂತೂ ಊರಿನ ಹೆಸರಿನಲ್ಲೇ ಇದೆ. ಈ ನೀರನ್ನು ದೊಡ್ಡವರೂ ಕಂಡಿದ್ದರು. ಕರ್ನಾಟಕ ವಿದ್ಯುತ್ ನಿಗಮದ 200 ಮೆಗಾವಾಟ್ ಗುಂಡ್ಯ ಯೋಜನೆಯ ನಕ್ಷೆಯಲ್ಲಿ ಹೊಂಗಡಹಳ್ಳವೂ ಇತ್ತು. ಸುತ್ತಲಿನ ಜನ ವಿರೋಧಿಸಿದರು. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಅದಕ್ಕೆ ಒಪ್ಪಿಗೆ ಕೊಡಬಾರದೆಂದಿತು. ಇತ್ತ, ಅದೇ ಮಲೆನಾಡಿನ ಎಷ್ಟೋ ಒಂಟಿಮನೆಗಳವರು ಹಿತ್ತಿಲ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಪುಟ್ಟ ಟರ್ಬೈನು ತಿರುಗಿಸಿ ದೀಪ ಹೊತ್ತಿಸಿಕೊಂಡಿದ್ದಾರೆ. ಅದರ ಲೆಕ್ಕ ಹೈಸ್ಕೂಲಿನ ಮಕ್ಕಳ ಕೈಗೆ ಸಿಗುವಂಥದು. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಇಳಿದರೆ ಸುಮಾರು 1,960 ವಾಟ್ ಶಕ್ತಿ. ಪೈಪು, ಯಂತ್ರಗಳಲ್ಲಿ ಅರ್ಧ ಸೋರಿಹೋದರೂ ಒಂದು ಕಿಲೋವಾಟಿಗೆ ಹತ್ತಿರ. ಬಕೆಟ್ಟು, ಗಡಿಯಾರ, ಅಳತೆಯ ಟೇಪು ಇದ್ದರೆ ಮನೆಯ ಹಿಂದಿನ ಸಣ್ಣ ಝರಿಯನ್ನು ಮಕ್ಕಳೇ ಅಳೆಯಬಹುದು. ಬೇಸಿಗೆಯಲ್ಲಿ ಎಷ್ಟು ಉಳಿಯುತ್ತದೆ, ಮೀನಿಗೆ ಎಷ್ಟು ಬಿಡಬೇಕು, ಕೆಳಗಿನ ಗದ್ದೆಯವರು ಏನೆಂದಾರು ಎಂಬ ಪ್ರಶ್ನೆಗಳೂ ಹಿಂದೆಯೇ ಬರುತ್ತವೆ. ಹೀಗೆ ಕಲಿತ ಮಕ್ಕಳು ನಾಳೆ ದೊಡ್ಡ ನಕ್ಷೆಯೊಂದು ಊರಿಗೆ ಬಂದಾಗ ಅದನ್ನು ಓದಬಲ್ಲರು, ಪ್ರಶ್ನೆ ಕೇಳಬಲ್ಲರು. ನನಗೆ ಈ ವಿಷಯ ದೊಡ್ಡದಾಗಿ ಕಾಣುವುದು ಇದಕ್ಕಾಗಿಯೇ.

ಹಾಗಾದರೆ ಕೈಗಾರಿಕೆ ಏನು ಕೊಡಬೇಕು? ಹಳೆಯ ಉದಾಹರಣೆಯೊಂದಿದೆ. ಮಧ್ಯಪ್ರದೇಶದಲ್ಲಿ 1972ರಲ್ಲಿ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಹಳ್ಳಿಯ ಹದಿನಾರು ಶಾಲೆಗಳಲ್ಲಿ ಶುರುವಾಯಿತು. 1978ರಲ್ಲಿ ಪುಣೆಯ ಟೆಲ್ಕೊ ಕಾರ್ಖಾನೆಯ ಇಂಜಿನಿಯರ್ ಅರವಿಂದ ಗುಪ್ತಾ ಒಂದು ವರ್ಷ ರಜೆ ಪಡೆದು ಅಲ್ಲಿಗೆ ಹೋದರು. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್‌ಟ್ಯೂಬಿನ ತುಂಡುಗಳಿಂದ ಜೋಡಿಸುವ ಆಟ ಅಲ್ಲಿ ಹುಟ್ಟಿತು. ಚೌಕ ಮಾಡಿ ಒತ್ತಿದರೆ ಕುಸಿಯುತ್ತದೆ, ತ್ರಿಕೋನ ಕುಸಿಯುವುದಿಲ್ಲ. ಹೆಂಚಿನ ಮಾಡಿನ ಕೆಳಗೆ ಮರದ ತ್ರಿಕೋನಗಳು ಯಾಕಿವೆ ಎಂಬುದು ಒಂದು ಬೆಂಕಿಪೊಟ್ಟಣದ ಖರ್ಚಿನಲ್ಲಿ ಮಗುವಿಗೆ ಹೊಳೆಯುತ್ತದೆ. ಕಡ್ಡಿ ಮುರಿದರೆ ಯಾವ ಆಡಿಟರೂ ಕೇಳುವುದಿಲ್ಲ. ಅಲ್ಲಿ ಕೈಗಾರಿಕೆಯಿಂದ ಬಂದದ್ದು ಪೆಟ್ಟಿಗೆಯಲ್ಲ, ಒಬ್ಬ ಕುಶಲಿಯ ಒಂದು ವರ್ಷ. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು. ಬೆಂಕಿಕಡ್ಡಿಯ ಆಟ ಮಾತ್ರ ದೇಶದ ತುಂಬ ಹರಡಿದೆ.

ಕಂಪನಿಗಳಿಗೆ ನಾವು ಕೇಳಬೇಕಾದದ್ದೂ ಅದನ್ನೇ. ಜನರ ಸಮಯ ಕೊಡಿ. ಮೇಷ್ಟ್ರಿಗೂ ಮೇಡಮ್ಮಿಗೂ ತರಬೇತಿ ಕೊಡಿ. ವರ್ಷವರ್ಷವೂ ಕೆಡುವ, ಮುಗಿಯುವ ಸಾಮಾನಿಗೆ ಹಣ ತೆಗೆದಿಡಿ, ಮುರಿದದ್ದಕ್ಕೆ ಲೆಕ್ಕ ಕೇಳಬೇಡಿ. ಕಾರ್ಖಾನೆಯಿಲ್ಲದ ಊರನ್ನು ಮರೆಯಬೇಡಿ. ನಿಮ್ಮ ಕ್ಯಾಂಟೀನಿನ ಕಾಫಿ ಅಂಥ ಊರಿನದೇ. ಏನು ಮಾಡಬೇಕೆಂಬುದನ್ನು ಮಕ್ಕಳೂ ಊರಿನವರೂ ಸೇರಿ ಹೇಳಲಿ.

ಪೇಟೆಯಲ್ಲಿರುವ ನಮಗೂ ಇದರಲ್ಲಿ ಪಾಲಿದೆ. ನಮ್ಮಲ್ಲಿ ಕೆಲವರು ಶಿಕ್ಷಕಿಯರು, ಕೆಲವರು ಎಸ್‌ಡಿಎಂಸಿ ಸದಸ್ಯೆಯರು, ಕೆಲವರ ಮನೆಯವರು ಇಂಥ ಕಂಪನಿಗಳಲ್ಲೇ ಇದ್ದಾರೆ. ಲ್ಯಾಬಿನ ಉದ್ಘಾಟನೆಗೆ ಕರೆದರೆ ಹೋಗೋಣ, ಚಪ್ಪಾಳೆಯನ್ನೂ ತಟ್ಟೋಣ. ವರ್ಷ ಕಳೆದ ಮೇಲೆ ಮತ್ತೊಮ್ಮೆ ಹೋಗಿ, ಈ ವರ್ಷ ಏನೇನು ಕೆಟ್ಟಿತು, ಕೆಡಿಸಿದವರಲ್ಲಿ ಹುಡುಗಿಯರೆಷ್ಟು ಎಂದು ಕೇಳೋಣ. ‘ಏನೂ ಕೆಟ್ಟಿಲ್ಲ, ಎಲ್ಲ ಹೊಸದರ ಹಾಗೇ ಇದೆ’ ಎಂದರೆ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂದೂ ಕೇಳಿಬಿಡೋಣ.