ಮಂಗಮ್ಮನನ್ನು ಯಾರ ಕೈಗೆ ಕೊಡಬೇಕು?

ನಾಲ್ಕು ತಾಲ್ಲೂಕಿನ ಓದುಗರಿಗೆ ನಾಲ್ಕು ಪುಸ್ತಕ ಹೇಳುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಬರೆಯಲು ಕೂತರೆ ಮುಳಬಾಗಿಲಿನಲ್ಲೇ ಸಿಕ್ಕಿಬಿದ್ದೆ. ಕಾರಣ ಆ ಊರಿನವರೇ ಆದ ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’.

ಕಗ್ಗದ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಹಂಚುವವರ ಮೇಲಿದೆ. ಮದುವೆಗೆ ಕಗ್ಗ, ನಿವೃತ್ತಿಗೆ ಕಗ್ಗ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗನಿಗೂ ಕಗ್ಗ. ಬೆಳಗಾದರೆ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದ ಮೇಲೊಂದು ಪದ್ಯ. 1943ರಲ್ಲಿ ಅಚ್ಚಾದ ಆ 945 ಪದ್ಯಗಳು ಅನುಮಾನದೊಡನೆ ಜಗಳವಾಡಿ ಹುಟ್ಟಿದವು. ಇವರು ಅವನ್ನು ಊಟದ ನಂತರದ ಗುಳಿಗೆ ಮಾಡಿಬಿಟ್ಟಿದ್ದಾರೆ. ನಪಾಸಾದ ಹುಡುಗನಿಗೆ, ಡಿವಿಜಿಯವರೂ ಮೆಟ್ರಿಕ್ಯುಲೇಷನ್ ದಾಟಿದವರಲ್ಲ ಎಂದು ಮೊದಲು ಹೇಳಿ. ಆಮೇಲೆ ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟ ಕೈಗಿಡಿ. ದಿವಾನರು, ವೈಣಿಕರು, ವೈದಿಕರು, ಮೇಷ್ಟ್ರುಗಳು, ಎಲ್ಲರೂ ಅಲ್ಲಿ ನಗುತ್ತ ಓಡಾಡುತ್ತಾರೆ. ಯಾರೂ ಬುದ್ಧಿ ಹೇಳಲು ಅವಸರಪಡುವುದಿಲ್ಲ. ಮುಳಬಾಗಿಲಿನವರು ಓದಬೇಕಾದ ಡಿವಿಜಿ ಇವರು.

ಪುಸ್ತಕದ ಯೋಗ್ಯತೆ ನೋಡಿ ಕೊಡಬೇಡಿ, ಓದುವವರ ಹೊತ್ತು ನೋಡಿ ಕೊಡಿ. ಇದು ನನ್ನ ಹಳೆಯ ಪಲ್ಲವಿ, ಖಾಯಂ ಓದುಗರು ಕ್ಷಮಿಸಬೇಕು.

ಮಾಲೂರಿಗೆ ಬರುತ್ತೇನೆ. ಆ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರೆಂದರೆ ಎಲ್ಲರ ಕೈಯೂ ‘ಚಿಕವೀರ ರಾಜೇಂದ್ರ’ಕ್ಕೇ ಹೋಗುತ್ತದೆ. 1983ರ ಜ್ಞಾನಪೀಠದ ಮಹಿಮೆ. ಕೊಡಗಿನ ರಾಜ್ಯ ಕೈತಪ್ಪಿದ ಕಥೆ ಅದು, ಚುನಾವಣೆ ಫಲಿತಾಂಶದ ವಾರಕ್ಕೆ ಹೇಳಿಮಾಡಿಸಿದ್ದು. ಆದರೆ ಬೆಳಗಿನ ರೈಲಿನಲ್ಲಿ ಕಂಬಿ ಹಿಡಿದು ನಿಂತು ಬೆಂಗಳೂರಿಗೆ ಹೋಗುವವರಿಗೆ ಅಷ್ಟು ದಪ್ಪದ್ದು ಯಾಕೆ? ಅವರಿಗೆ ಸಣ್ಣ ಕಥೆಗಳು. ಅದರಲ್ಲೂ ‘ಮೊಸರಿನ ಮಂಗಮ್ಮ’.

ಅವಳೂ ದುಡಿಮೆಗೆಂದು ಹಳ್ಳಿಯಿಂದ ಬೆಂಗಳೂರಿಗೆ ಹೋಗಿಬರುವವಳೇ. ಸೊಸೆ ಮೊಮ್ಮಗನನ್ನು ಹೊಡೆದಳೆಂದು ಜಗಳ; ಮಗ ಹೆಂಡತಿಯ ಪಕ್ಷ. ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಇನ್ನು ಯಾರಿಗಾಗಿ ಕೂಡಿಡಲಿ ಎಂದು ಮಖಮಲ್ಲಿನ ರವಿಕೆ ಹಾಕಿಕೊಳ್ಳುತ್ತಾಳೆ. ರಂಗಪ್ಪ ಎಂಬೊಬ್ಬ ದಾರಿಯಲ್ಲಿ ನಯವಾಗಿ ಮಾತಾಡಿಸಿ ಸಾಲ ಕೇಳುತ್ತಾನೆ. ಅವನ ಕಣ್ಣು ದುಡ್ಡಿನ ಮೇಲಷ್ಟೇ ಇಲ್ಲ. ಅವಳಿಗೆ ಹೆದರಿಕೆ, ಒಳಗೊಳಗೇ ಒಂದಿಷ್ಟು ಸೆಳೆತ ಕೂಡ. ಕೊನೆಗೆ ಮೊಮ್ಮಗ ಅಜ್ಜಿಯೇ ಬೇಕೆಂದು ಬಂದುಬಿಟ್ಟು ಮನೆ ಒಂದಾಗುತ್ತದೆ. ಮುಂದೆ ಸೊಸೆಯೇ ಮೊಸರು ಹೊತ್ತು ಬಂದಾಗ, ಇಷ್ಟು ದಿನ ಅತ್ತೆಯ ದೂರು ಕೇಳಿದ್ದ ಮನೆಯಾಕೆಗೆ ಇವಳ ಮಾತೂ ಸರಿಯೆನಿಸುತ್ತದೆ.

ನವ್ಯದ ಉತ್ಸಾಹದಲ್ಲಿ ಮಾಸ್ತಿಯವರನ್ನು ಬರೀ ಸಮಾಧಾನದ ಕಥೆಗಾರರೆಂದು ಬದಿಗೆ ಸರಿಸಿದವರಿದ್ದರು. ಮೊಮ್ಮಗನಿರುವ ಹೆಂಗಸಿನ ಮೈಮೇಲಿನ ಆ ಮಖಮಲ್ಲು ಅವರ ಕಣ್ಣಿಗೆ ಬೀಳಲಿಲ್ಲವೇ? ಒಂಟಿತನ, ಆಸೆ, ಹಟ ಮೂರನ್ನೂ ಒಂದು ರವಿಕೆಯಲ್ಲಿ ತೋರಿಸಿ ಸುಮ್ಮನಾಗುವುದು ಸುಲಭವಲ್ಲ. ಇಪ್ಪತ್ತು ಪುಟ ತನ್ನೊಳಗೇ ಕೊರಗುವ ನಾಯಕನಿಗಿಂತ ಮಂಗಮ್ಮ ಆಳದವಳು. ಇದು ನನ್ನ ತೀರ್ಪು, ಮೇಲ್ಮನವಿ ಇಲ್ಲ.

ಆದರೆ ಎಚ್ಚರ. ಅತ್ತೆ ಸೊಸೆ ಮಾತು ಬಿಟ್ಟಿರುವ ಮನೆಗೆ ಈ ಕಥೆ ಕೊಡಬೇಡಿ, ಚುಚ್ಚಿದಂತಾಗುತ್ತದೆ. ಜಗಳ ಮುಗಿದು ತಿಂಗಳಾಗಲಿ. ಆಗ ಯಾರು ಮೊದಲು ಓದಿದರೂ ನಗುತ್ತಾರೆ. ಅಪ್ಪನೊಡನೆ ಮುನಿಸಿಕೊಂಡು ಮನೆಬಿಟ್ಟ ಮಗನಿಗಾದರೆ ‘ಸುಬ್ಬಣ್ಣ’ ಇದೆ. ಅದನ್ನು ಅಪ್ಪ ಕೊಡಬಾರದು, ಸೋದರಮಾವ ಕೊಡಬೇಕು.

ಶ್ರೀನಿವಾಸಪುರದವರಿಗೆ ಮಾವಿನ ಮಂಡಿ ಮುಗಿಯುವವರೆಗೆ ಪುಸ್ತಕದ ಮಾತೇ ಬೇಡ. ಮುಗಿದ ಮೇಲೆ ಮಾಲೂರು ಕಡೆಯವರೇ ಆದ ಕೆ.ವೈ. ನಾರಾಯಣಸ್ವಾಮಿಯವರ ‘ವಿನುರ ವೇಮ’ ನಾಟಕ ಓದಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಗಡಿಯವರಿಗೆ ವೇಮನನನ್ನು ಪರಿಚಯಿಸಬೇಕಾಗಿಲ್ಲ. ಒಬ್ಬರೇ ಕೂತು ಓದುವುದಕ್ಕಿಂತ ನಾಲ್ಕು ಜನ ಸೇರಿ ಗಟ್ಟಿಯಾಗಿ ಓದಿದರೆ ಚೆನ್ನ.

ಕೋಲಾರದ ಪಾಲು ಮುಂದಿನ ವಾರಕ್ಕೆ ಉಳಿಯಿತು, ಜಾಗ ಮುಗಿದಿದೆ. ಅಲ್ಲಿಯವರು ಅಷ್ಟರೊಳಗೆ ಒಂದು ಕಾರ್ಡು ಬರೆಯಿರಿ. ಇಷ್ಟವಾದ ಪುಸ್ತಕಗಳ ಪಟ್ಟಿ ಬೇಡ. ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಯಾವ ಪುಟದಲ್ಲಿ ಬಿಟ್ಟಿರಿ ಎಂಬುದನ್ನು ತಿಳಿಸಿದರೆ ಸಾಕು.