ಗುಂಡುಗಳ ಗೂಡು

ಸೈಕಲ್ಲಿನ ಚಕ್ರ ಕಳಚಿ ಎತ್ತಿ ಹಿಡಿದು, ಅಚ್ಚನ್ನು ಎರಡು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಬೆಣ್ಣೆಯಂತೆ ಜಾರಿದರೆ ಸರಿ. ರವೆ ಸಿಕ್ಕಿಕೊಂಡಂತೆ ಗರಗರ ಎಂದರೆ ಬೇರಿಂಗಿನ ಆಯಸ್ಸು ಮುಗಿಯಿತು.

ಈ ಪುಟ್ಟ ಉಕ್ಕಿನ ಬಳೆಯ ಮೇಲೆ ನನಗೆ ವಿಚಿತ್ರ ಮೋಹ. ಹಳೆಯ ಕಪ್ಪು ಸೈಕಲ್ಲಿನಲ್ಲಿ, ಚಕ್ರದ ನಡುವಿನ ಹಬ್ಬಿನೊಳಗೆ, ಗುಂಡುಗಳು ಬಿಡಿಬಿಡಿ. ಅವನ್ನು ಹಿಡಿದಿಡುವ ಕೋನು ಬಿಗಿಯಾದರೆ ಚಕ್ರ ಮುನಿಯುತ್ತದೆ, ಸಡಿಲಾದರೆ ಅಲ್ಲಾಡುತ್ತದೆ. ಕಾರ್ಟ್ರಿಜ್ ಬೇರಿಂಗ್‌ನಲ್ಲಿ ಒಳಬಳೆ, ಹೊರಬಳೆ, ಗುಂಡು, ಗ್ರೀಸು ಎಲ್ಲ ಒಂದೇ ಸಂಸಾರ. ಎರಡೂ ಕಡೆ ರಬ್ಬರಿನ ಸೀಲು. ಮೈಮೇಲಿನ ಸಂಖ್ಯೆಯೇ ಜಾತಕ. 6902 ಎಂದರೆ ಒಳವ್ಯಾಸ 15 ಮಿ.ಮೀ., ಹೊರವ್ಯಾಸ 28, ದಪ್ಪ 7. ಯಾವ ಊರಿನ ಬೇರಿಂಗ್ ಅಂಗಡಿಗೆ ಹೋದರೂ ಅಳತೆ ಅದೇ.

ಕೂರಿಸುವುದರಲ್ಲಿದೆ ಕಸುಬು. ಹಬ್ಬಿಗೆ ಒತ್ತುವಾಗ ಹೊರಬಳೆಯನ್ನಷ್ಟೇ ಒತ್ತಬೇಕು. ಒಳಬಳೆಯನ್ನು ತಳ್ಳಿದಿರೋ, ಬಲವೆಲ್ಲ ಗುಂಡುಗಳ ಮೂಲಕ ಹಾದು ಅವು ಉರುಳುವ ಹಾದಿಯಲ್ಲಿ ಗುಳಿ ಬೀಳಬಹುದು. ತೆಗೆಯುವಾಗ ಸಾಮಾನ್ಯವಾಗಿ ಒಳಬಳೆಗೇ ಏಟು. ಅದಕ್ಕೇ ಹೊರಬಂದದ್ದನ್ನು ಮತ್ತೆ ಹಾಕುವುದಿಲ್ಲ. ದುಬಾರಿ ಸಲಕರಣೆ ಬೇಡ: ಉದ್ದ ಬೋಲ್ಟು, ನಟ್ಟು, ಹೊರಬಳೆಗೆ ಹೊಂದುವ ವಾಷರು ಸಾಕು. ಸುತ್ತಿಗೆ ಎತ್ತುವವರನ್ನು ಕಂಡರೆ ನನಗೆ ಸಿಟ್ಟು. ಒಮ್ಮೆ ನಾನೂ ಎತ್ತಿದ್ದೆ ಅನ್ನಿ.

1869ರಲ್ಲಿ ಗುಂಡಿನ ಬೇರಿಂಗಿಗೆ ಪೇಟೆಂಟ್ ಪಡೆದ ಜೂಲ್ಸ್ ಸುರಿರೇ ಪ್ಯಾರಿಸ್ಸಿನ ಸೈಕಲ್ ಮೆಕ್ಯಾನಿಕ್. ಅದೇ ವರ್ಷ ಪ್ಯಾರಿಸ್–ರುವಾನ್ ಓಟ ಗೆದ್ದ ಜೇಮ್ಸ್ ಮೂರ್‌ನ ಸೈಕಲ್ಲಿನಲ್ಲಿ ಉರುಳಿದ್ದೂ ಇಂಥ ಗುಂಡುಗಳೇ.

ಈಗ ಆ ಉದ್ದ ಬೋಲ್ಟಿನ ನಟ್ಟಿಗೆ ಸ್ಪಾನರಿನಲ್ಲಿ ಕಾಲು ಸುತ್ತು, ಇನ್ನೊಂದು ಕಾಲು ಸುತ್ತು. ಬೇರಿಂಗ್ ತಳ ಮುಟ್ಟಿದ್ದು ಕಿವಿಗಿಂತ ಮೊದಲು ಮಣಿಕಟ್ಟಿಗೆ ಗೊತ್ತಾಗುತ್ತದೆ.